ಸರ್ವರ್‌ನಲ್ಲಿ ಐಡೆಂಟ್ ಹಾಕೋದು, ಹಾಕಿದ್ಮೇಲೆ ನೋಡ್ಕೊಳ್ಳೋದು

ಒಂದೇ ಸರ್ವರ್‌ನಲ್ಲಿ ಹತ್ತಾರು ಜನಕ್ಕೆ ಶೆಲ್ ಲಾಗಿನ್ ಕೊಟ್ಟಿದ್ದೀರ, ಎಲ್ರೂ ಅಲ್ಲಿಂದ್ಲೇ ಐಆರ್‌ಸಿಗೆ (ಟೆಕ್ಸ್ಟ್ ಚಾಟ್ ಜಾಲ) ಹೋಗ್ತಾರೆ ಅಂದ್ಕೊಳ್ಳಿ. ಅವರಲ್ಲಿ ಒಬ್ಬ ಸ್ಪ್ಯಾಮ್ ಮಾಡಿದ್ರೂ ಆ ಕಡೆ ಅಡ್ಮಿನ್‌ಗೆ ಕಾಣೋದು ನಿಮ್ಮ ಐಪಿ ಒಂದೇ, ಅವ್ರು ಅದನ್ನೇ ಬ್ಯಾನ್ ಮಾಡ್ತಾರೆ, ಏನೂ ಮಾಡದೇ ಇದ್ದೋರೂ ಸೇರಿ ಎಲ್ರೂ ಹೊರಗೆ. ಇಂಥ ಕಡೆ ಐಡೆಂಟ್, ಅಂದ್ರೆ ಒಂದು ಕನೆಕ್ಷನ್ ನಿಮ್ಮ ಯಾವ ಯೂಸರ್‌ದು ಅಂತ ಆ ಕಡೆ ಸರ್ವರ್‌ಗೆ ಹೇಳೋ ಸೇವೆ, ನಿಜವಾಗ್ಲೂ ಬೇಕು. ನೀವೊಬ್ರೇ ಬಳಸೋ ಸರ್ವರ್ ಆದ್ರೆ ಇದರ ಗೊಡವೆನೇ ಬೇಡ.

ಕೆಲಸ ತುಂಬ ಸರಳ. ನಿಮ್ಮ ಸರ್ವರ್‌ನಿಂದ ಯಾರಾದ್ರೂ ಹೊರಗಡೆ ಟಿಸಿಪಿ ಕನೆಕ್ಷನ್ ಮಾಡಿದ್ರೆ ಆ ಕಡೆ ಸರ್ವರ್ ನಿಮ್ಮ 113ನೇ ಪೋರ್ಟ್‌ಗೆ ಬಂದು ಎರಡು ಪೋರ್ಟ್ ನಂಬರ್ ಕೊಡುತ್ತೆ, ಮೊದ್ಲು ನಿಮ್ಮ ಕಡೇದು ಆಮೇಲೆ ತನ್ನದು, ಉದಾಹರಣೆಗೆ 43210, 6667 ಅಂತ. ಐಡೆಂಟ್ ಡೀಮನ್ (ಹಿನ್ನೆಲೆಯಲ್ಲಿ ಓಡ್ತಿರೋ ಪ್ರೋಗ್ರಾಮ್) ಆ ಕನೆಕ್ಷನ್ ಯಾವ ಯೂಸರ್‌ದು ಅಂತ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ನಲ್ಲಿ ನೋಡಿ ಹೆಸರು ಹೇಳುತ್ತೆ. ಐಡೆಂಟ್‌ನ ನಿಯಮ ಬರೆದಿರೋ ದಾಖಲೆ, 1993ರ ಆರ್‌ಎಫ್‌ಸಿ 1413ರಲ್ಲಿರೋದು ಇಷ್ಟೇ. ಉತ್ತರ ಸಿಗದಿದ್ರೆ ತುಂಬಾ ಐಆರ್‌ಸಿ ಸರ್ವರ್‌ಗಳು ಯೂಸರ್‌ನೇಮ್ ಮುಂದೆ ಟಿಲ್ಡೆ (~) ಗುರುತು ಹಾಕ್ತವೆ.

ಇದು ಪಾಸ್‌ವರ್ಡ್‌ಗೆ ಬದಲಿ ಅಲ್ಲ, ದಯವಿಟ್ಟು ಇದನ್ನ ನಂಬಿ ಯಾರಿಗೂ ಲಾಗಿನ್ ಬಿಡಬೇಡಿ. ಉತ್ತರ ಕೊಡೋದು ಕನೆಕ್ಷನ್ ಮಾಡಿದ ಮೆಷಿನ್ನೇ, ಅದರ ರೂಟ್ (ಪೂರ್ತಿ ಅಧಿಕಾರ ಇರೋ ಅಕೌಂಟ್) ಯಾರ ಕೈಲಿದೆಯೋ ಅವ್ರು ಏನ್ ಬೇಕಾದ್ರೂ ಹೇಳಿಸಬಹುದು.

ಡೆಬಿಯನ್, ಉಬುಂಟುನಲ್ಲಿ ಒಐಡೆಂಟ್‌ಡಿ (oidentd) ಅನ್ನೋ ಐಡೆಂಟ್ ಡೀಮನ್‌ನ ಪ್ಯಾಕೇಜ್ ಇದೆ, ಆಪ್ಟ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಸಿಸ್ಟಮ್‌ಸಿಟಿಎಲ್‌ನಲ್ಲಿ ಅದು ಓಡ್ತಿದೆಯಾ ನೋಡಿ, ಬೂಟ್ ಆದಾಗ ತಾನೇ ಶುರುವಾಗೋ ಥರ ಎನೇಬಲ್ ಮಾಡಿ. ಆಮೇಲೆ ಪೋರ್ಟ್, ಕನೆಕ್ಷನ್‌ಗಳನ್ನ ತೋರಿಸೋ ಎಸ್‌ಎಸ್ (ss) ಕಮಾಂಡ್ ಕೊಟ್ಟು 113ರಲ್ಲಿ ಲಿಸನ್ ಆಗ್ತಿದೆಯಾ ಅಂತ ಕಣ್ಣಾರೆ ನೋಡ್ಕೊಳ್ಳಿ.

ಫೈರ್‌ವಾಲ್‌ನಲ್ಲಿ ಒಳಗೆ ಬರೋ 113 ಟಿಸಿಪಿ ಓಪನ್ ಮಾಡ್ಬೇಕು, ಐಪಿವಿ4ಗೂ ಐಪಿವಿ6ಗೂ. ವಿ6 ಮರೆತ್ರೆ ವಿ6ನಲ್ಲಿ ಹೋದ ಕನೆಕ್ಷನ್‌ಗೆ ಪ್ರಶ್ನೆನೂ ವಿ6ನಲ್ಲೇ ಬರುತ್ತೆ, ಬಂದು ಅಲ್ಲೇ ಸಾಯುತ್ತೆ. ಐಡೆಂಟ್ ಬೇಡ ಅನ್ನೋರೂ ಇದೊಂದು ಕೇಳಿ: 113ನ ಡ್ರಾಪ್ ಮಾಡಬೇಡಿ, ಟಿಸಿಪಿ ರೀಸೆಟ್ ಕೊಟ್ಟು ರಿಜೆಕ್ಟ್ ಮಾಡಿ. ಡ್ರಾಪ್ ಮಾಡಿದ್ರೆ ಆ ಕಡೆ ಸರ್ವರ್ ಉತ್ತರ ಬರುತ್ತೆ ಅಂತ ಟೈಮ್‌ಔಟ್ ಆಗೋವರೆಗೂ ಕಾಯ್ತಾ ಕೂರುತ್ತೆ, ನಿಮ್ಮ ಯೂಸರ್ ಕನೆಕ್ಷನ್ ಯಾಕಿಷ್ಟು ಸ್ಲೋ ಅಂತ ತಲೆ ಕೆಡಿಸ್ಕೊಳ್ತಾನೆ.

ಟೆಸ್ಟ್ ಮಾಡೋವಾಗ ಜಾಸ್ತಿ ಜನ ಎಡವೋದು ಒಂದು ಕಡೆ. ಅದೇ ಸರ್ವರ್‌ನಲ್ಲಿ ಕೂತು ಲೋಕಲ್‌ಹೋಸ್ಟ್‌ಗೆ ಟೆಲ್‌ನೆಟ್ ಮಾಡಿ, ಹೊರಗಿನ ಕನೆಕ್ಷನ್‌ನ ಪೋರ್ಟ್ ನಂಬರ್ ಕೊಡ್ತಾರೆ, ನೋ ಯೂಸರ್ ಅಂತ ಬರುತ್ತೆ, ಕೆಟ್ಟೋಯ್ತು ಅಂದ್ಕೊಳ್ತಾರೆ. ಕೆಟ್ಟಿಲ್ಲ. ಡೀಮನ್ ಕೇಳ್ತಿರೋರ ಐಪಿನೂ ನೋಡುತ್ತೆ, ಆ ಕನೆಕ್ಷನ್‌ನ ಇನ್ನೊಂದು ತುದೀಲಿ ಇರೋರಿಗೆ ಮಾತ್ರ ಹೆಸರು ಹೇಳುತ್ತೆ. ಅದಕ್ಕೆ ನಿಮ್ಮ ಸರ್ವರ್‌ನಿಂದ ಇನ್ನೊಂದು ಮೆಷಿನ್‌ಗೆ ಎಸ್‌ಎಸ್‌ಎಚ್ ಮಾಡಿ, ಎಸ್‌ಎಸ್ ಕಮಾಂಡ್‌ನಲ್ಲಿ ಈ ಕಡೆ ಪೋರ್ಟ್ ನೋಡ್ಕೊಳ್ಳಿ, ಆಮೇಲೆ ಆ ಮೆಷಿನ್‌ನಿಂದ ನಿಮ್ಮ 113ಕ್ಕೆ ಟೆಲ್‌ನೆಟ್ ಮಾಡಿ ಆ ನಂಬರ್, ಕಾಮಾ, 22 ಅಂತ ಟೈಪ್ ಮಾಡಿ. ಯೂಸರ್ ಹೆಸರು ಬಂದ್ರೆ ಸೆಟಪ್ ಸರಿ ಇದೆ.

ಇನ್ನು ಕಾನ್ಫಿಗ್. ಈಟಿಸಿ ಡೈರೆಕ್ಟರಿಲಿ ಒಐಡೆಂಟ್‌ಡಿ ಡಾಟ್ ಕಾನ್ಫ್ ಫೈಲ್ ಇರುತ್ತೆ. ಸ್ಪೂಫ್ ಅನ್ನೋ ಅನುಮತಿ ಕೊಟ್ರೆ ಯೂಸರ್ ತನ್ನ ಹೋಮ್ ಡೈರೆಕ್ಟರಿಯ ಫೈಲ್‌ನಲ್ಲಿ ಬೇರೆ ಹೆಸರು ಬರ್ಕೊಂಡು ಅದನ್ನೇ ಹೇಳಿಸ್ಬಹುದು, ತುಂಬಾ ಜನ ಇರೋ ಸರ್ವರ್‌ನಲ್ಲಿ ಇದನ್ನ ಡಿನೈ ಮಾಡಿ, ಇಲ್ಲಾಂದ್ರೆ ಐಡೆಂಟ್ ಹಾಕಿದ್ದೇ ದಂಡ. ಹೈಡ್ ಬೇರೆ ಮಾತು, ತನ್ನ ಹೆಸರು ಹೊರಗೆ ಹೋಗಬಾರ್ದು ಅನ್ನೋದು ನ್ಯಾಯವಾದ ಆಸೆ, ಆದ್ರೆ ಹೈಡ್ ಮಾಡ್ಕೊಂಡವನನ್ನ ಆ ಕಡೆಯವ್ರು ಬೇರ್ಪಡಿಸಿ ನೋಡೋಕಾಗಲ್ಲ, ಯೋಚ್ನೆ ಮಾಡಿ ಕೊಡಿ. ರೂಟ್‌ನಂಥ ಸಿಸ್ಟಮ್ ಅಕೌಂಟ್‌ಗಳ ಹೆಸರು ಹೊರಗೆ ಹೇಳೋ ಅಗತ್ಯ ಇಲ್ಲ, ಅವಕ್ಕೆ ಹೈಡ್‌ನ ಫೋರ್ಸ್ ಮಾಡ್ಬಿಡಿ. ಫೈಲ್ ಬದಲಾಯಿಸಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಸರ್ವರ್ ನ್ಯಾಟ್ (ಒಳಗಿನ ಮೆಷಿನ್‌ಗಳು ರೂಟರ್‌ನ ಒಂದೇ ಐಪಿಯಿಂದ ಹೊರಗೆ ಹೋಗೋ ವ್ಯವಸ್ಥೆ) ಹಿಂದೆ ಇದ್ರೆ ಪ್ರಶ್ನೆ ಬರೋದು ರೂಟರ್‌ಗೆ. ಒಳಗೆ ಒಂದೇ ಮೆಷಿನ್ ಇದ್ರೆ 113ನ ಅದಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿ, ಆದ್ರೆ ದಾರೀಲಿ ರೂಟರ್ ಪೋರ್ಟ್ ನಂಬರ್ ಬದಲಾಯಿಸಿದ್ರೆ ಡೀಮನ್ ಹುಡುಕಿದ್ರೂ ಆ ಕನೆಕ್ಷನ್ ಸಿಗಲ್ಲ. ಹಲವು ಮೆಷಿನ್ ಇದ್ದು ಗೇಟ್‌ವೇ ಲಿನಕ್ಸ್ ಆಗಿದ್ರೆ ಒಐಡೆಂಟ್‌ಡಿನ ಗೇಟ್‌ವೇ ಮೇಲೇ ಹಾಕಿ ಒಳಗಿನ ಮೆಷಿನ್‌ಗಳ ಪರವಾಗಿ ಉತ್ತರ ಕೊಡೋ ಅದರ ಮಾಸ್ಕರೇಡ್ ಆಪ್ಷನ್ ಆನ್ ಮಾಡಿ.