ಬುಟ್ಟಿ ತುಂಬಿದರೆ ಸಾಲದು: ಬಳಚಿನ ದಾಸ್ತಾನು ಅಳೆಯುವುದು ಹೇಗೆ?

ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಬಳಚು (ಮರಳಿನೊಳಗೆ ಬದುಕುವ, ತಿನ್ನುವ ಎರಡು ಚಿಪ್ಪಿನ ಜೀವಿ) ಹೆಕ್ಕುವವರ ಬುಟ್ಟಿ ತುಂಬುತ್ತಿದೆ ಎಂದ ಮಾತ್ರಕ್ಕೆ ಹೊಳೆಯಲ್ಲಿ ಬಳಚು ಬೇಕಾದಷ್ಟಿದೆ ಎಂದುಕೊಳ್ಳುವಂತಿಲ್ಲ. ಒಂದು ದಿಬ್ಬ ಬರಿದಾದರೆ ಜನ ಮುಂದಿನದಕ್ಕೆ ಹೋಗುತ್ತಾರೆ. ಕೊನೆಯ ದಿಬ್ಬದವರೆಗೂ ಬುಟ್ಟಿ ತುಂಬುತ್ತಲೇ ಇರುತ್ತದೆ. ಅಳೆಯಬೇಕಾದ್ದು ಮರಳಿನೊಳಗೆ ಉಳಿದದ್ದನ್ನು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತ ಆರಿಸಿಕೊಳ್ಳಿ. ನೀರು ಪೂರ್ತಿ ಇಳಿಯುವ ಒಂದೂವರೆ ಗಂಟೆ ಮೊದಲೇ ದಿಬ್ಬದಲ್ಲಿರಿ. ದಡದಿಂದ ನೀರಿನಂಚಿಗೆ ಹಗ್ಗ ಎಳೆದು, ಪ್ರತಿ 20 ಮೀಟರಿಗೆ 50 ಸೆಂ.ಮೀ. ಉದ್ದಗಲದ ಕಬ್ಬಿಣದ ಚೌಕಟ್ಟು ಇಡಿ. 15 ಸೆಂ.ಮೀ. ಆಳದ ಮರಳು ತೆಗೆದು 5 ಮಿ.ಮೀ. ಜರಡಿಯಲ್ಲಿ ತೊಳೆಯಿರಿ. ಒಂದೂ ಸಿಗದ ಚೌಕವನ್ನು ‘0’ ಎಂದು ಬರೆಯಲೇಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಖಾಲಿ ಜಾಗ ಬಿಟ್ಟು, ಸಿಗುವಲ್ಲೇ ಅಗೆದರೆ ಲೆಕ್ಕ ಎರಡು ಪಟ್ಟು ಉಬ್ಬೀತು.

ಲೆಕ್ಕ ಸುಲಭ. ಉದಾಹರಣೆಗೆ, 20 ಚೌಕಗಳಲ್ಲಿ 600 ಬಳಚು ಸಿಕ್ಕರೆ ಚೌಕಕ್ಕೆ 30, ಚದರ ಮೀಟರಿಗೆ 120. ಎರಡು ಹೆಕ್ಟೇರ್ ದಿಬ್ಬದಲ್ಲಿ 24 ಲಕ್ಷ. ಸರಾಸರಿ ತೂಕ 8 ಗ್ರಾಂ ಇದ್ದರೆ 19.2 ಟನ್.

ಆದರೆ ಟನ್ನು ಆರೋಗ್ಯ ಹೇಳುವುದಿಲ್ಲ, ಅದನ್ನು ಹೇಳುವುದು ಗಾತ್ರ. ಪ್ರತಿಯೊಂದರ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು 2 ಮಿ.ಮೀ. ಗುಂಪುಗಳಾಗಿ ವಿಂಗಡಿಸಿ. ದೊಡ್ಡವಷ್ಟೇ ಇದ್ದು ಮರಿ ಕಾಣದಿದ್ದರೆ ಹೊಸ ಪೀಳಿಗೆ ನೆಲೆಯೂರಿಲ್ಲ. ಬರೀ ಸಣ್ಣವೇ ಇದ್ದರೆ ಬೆಳೆಯಲು ಬಿಡದೆ ಹೆಕ್ಕುತ್ತಿರುವ ಸಾಧ್ಯತೆ ಹೆಚ್ಚು. ಎರಡೂ ಚಿಪ್ಪು ಅಂಟಿಕೊಂಡೇ ಇರುವ ಖಾಲಿ ಬಳಚು ಈಚೆಗೆ ಸತ್ತದ್ದು. ಅವನ್ನು ಬೇರೆಯಾಗಿ ಎಣಿಸಿ, ಜೊತೆಗೆ ನೀರಿನ ಉಪ್ಪಿನಂಶ ಬರೆದುಕೊಳ್ಳಿ. ಮಳೆಗಾಲದ ಸಿಹಿನೀರಿನ ಹೊಡೆತಕ್ಕೆ ಸತ್ತದ್ದನ್ನು ರೋಗವೆಂದು ಭ್ರಮಿಸುವುದು ತಪ್ಪುತ್ತದೆ.

ಒಂದೇ ಗಾತ್ರದ 50 ಬಳಚು ಬೇಯಿಸಿ ಮಾಂಸದ ತೂಕ ನೋಡಿ. ಮೊಟ್ಟೆ ಬಿಟ್ಟ ಮೇಲೆ ಮಾಂಸ ಇಳಿಯುವುದು ಸಹಜ, ಹಾಗಾಗಿ ಹೋಲಿಕೆ ಕಳೆದ ವರ್ಷದ ಅದೇ ತಿಂಗಳ ಜೊತೆಗೇ ಇರಲಿ.

ಕೇರಳದ ಅಷ್ಟಮುಡಿ ಕಾಯಲಿನಲ್ಲಿ (ಹಿನ್ನೀರಿನಲ್ಲಿ) ಮೊಟ್ಟೆ ಬಿಡುವ ಕಾಲವೆಂದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಳಚು ಹೆಕ್ಕುವಂತಿಲ್ಲ. ಆ ಮೀನುಗಾರಿಕೆಗೆ 2014ರಲ್ಲಿ, ದಾಸ್ತಾನು ಬರಿದಾಗದಂತೆ ಮೀನು ಹಿಡಿಯುವವರಿಗೆ ಕೊಡುವ ಎಂಎಸ್‌ಸಿ (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರವೂ ಸಿಕ್ಕಿತು. ಆ ತಿಂಗಳುಗಳನ್ನೇ ಇಲ್ಲಿಗೆ ನಕಲು ಮಾಡಬೇಡಿ. ನಿಮ್ಮ ಹೊಳೆಯ ಬಳಚಿನ ಮಾಂಸ ಯಾವಾಗ ತುಂಬುತ್ತದೆ, ಯಾವಾಗ ಇಳಿಯುತ್ತದೆ ಎಂದು ಒಂದು ವರ್ಷ ತಿಂಗಳು ತಿಂಗಳು ಬರೆದಿಟ್ಟ ಮೇಲೆ ನಿಷೇಧದ ದಿನ ಗೊತ್ತುಮಾಡಿ.