ಕುರುಬ ಇದ್ದರೂ ಕೊರತೆ ಯಾಕೆ?

ಗದಗ ಸೀಮೆಯ ನಮ್ಮ ಕ್ರೈಸ್ತ ಸಭೆಯಲ್ಲಿ 4ರಿಂದ 7 ವರ್ಷದ ಮಕ್ಕಳ ಸಂಡೇ ಸ್ಕೂಲ್ ನನ್ನ ಪಾಲಿನದು. ಮೊದಲ ಎರಡು ವರ್ಷ ನಾನು ಮಾಡಿದ್ದು ಕಂಠಪಾಠ ಒಪ್ಪಿಸಿಕೊಳ್ಳುವ ಕೆಲಸ ಮಾತ್ರ. ಬೈಬಲಿನ 23ನೆಯ ಕೀರ್ತನೆಯನ್ನು ತಪ್ಪಿಲ್ಲದೆ ಹೇಳಿದವರಿಗೆ ಒಂದು ಪೆನ್ಸಿಲ್. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಒಂದು ಭಾನುವಾರ ಪೆನ್ಸಿಲ್ ಇಸಿದುಕೊಂಡ ಹುಡುಗಿ ಕೇಳಿದಳು: "ಅಕ್ಕಾ, ಕುರುಬ ಇದ್ದರೂ ನಮಗೆ ಕೊರತೆ ಯಾಕೆ?"

ಅವಳ ತಪ್ಪಲ್ಲ. ಅರಿಯೆನು, ಬಾರೆನು ಎಂಬಂತೆ ಪಡೆನು ಕೂಡ ಹಳೆಯ ನಿಷೇಧ ರೂಪ, ಪಡುವುದಿಲ್ಲ ಎಂದರ್ಥ. ಅಜ್ಜಿಯರಿಗೆ ಅದು ನೀರು ಕುಡಿದಷ್ಟು ಸಲೀಸು. ಇಂದಿನ ಮಗುವಿಗೆ ಅದು "ಕೊರತೆ ಪಡೆಯುತ್ತೇನೆ" ಎಂದೇ ಕೇಳಿಸುತ್ತದೆ. ಇನ್ನೊಬ್ಬನನ್ನು ವಿಚಾರಿಸಿದರೆ, ಕುರುಬ ಎಂದರೆ ಅವನಿಗೆ ಓಣಿಯ ಒಂದು ಮನೆತನ, ಕೆಲಸವಲ್ಲ. ಅಂದರೆ ನಾನು ಪೆನ್ಸಿಲ್ ಹಂಚಿದ್ದು ಬರೀ ಸದ್ದಿಗೆ.

ಕಂಠಪಾಠವನ್ನು ನಾನು ಬಿಟ್ಟಿಲ್ಲ. ಬಿಡಬಾರದು ಎಂದೇ ನನ್ನ ಹಟ. ಆದರೆ ಮೊದಲು ಅರ್ಥ, ಆಮೇಲೆ ವಾಕ್ಯ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ತರುಬುತ್ತಾರೆ. ತಂದೆತಾಯಿಯರ ಒಪ್ಪಿಗೆ ಪಡೆದು, ಇಬ್ಬರು ತಾಯಂದಿರನ್ನೂ ಜೊತೆಗೆ ಕರೆದುಕೊಂಡು, 12 ಮಕ್ಕಳೊಂದಿಗೆ ಒಂದು ಸಂಜೆ ಅಲ್ಲಿಗೆ ಹೋದೆ. "ಕಾಕಾ, ದಿನಾಲೂ ಎಣಿಸುತ್ತೀರಾ?" ಎಂದಳು ಅದೇ ಹುಡುಗಿ. "ಎಣಿಸುವುದೇಕೆ ತಂಗೀ? ಮೋರೆ ನೋಡಿದರೆ ಯಾವುದು ಇಲ್ಲ ಎಂದು ತಿಳಿಯುತ್ತದೆ." ಒಂದು ತಪ್ಪಿಸಿಕೊಂಡರೆ? "ತಮ್ಮನನ್ನು ಇಲ್ಲಿ ಕಾವಲಿಗೆ ಕೂರಿಸಿ ನಾನು ಹುಡುಕಿಕೊಂಡು ಹೋಗುತ್ತೇನೆ." ಮಕ್ಕಳು ಕಂಬಳಿ ಮುಟ್ಟಿ ನೋಡಿದರು, ಮರಿ ಎತ್ತಿಕೊಂಡರು, ನಾಯಿಗೆ ಹೆದರಿದರು. ನಾನು ಪಾಠವನ್ನೇನೂ ಹೇಳಲಿಲ್ಲ.

ಮುಂದಿನ ಭಾನುವಾರ ಒಂದು ಡಬ್ಬಿಯಲ್ಲಿ ಹುಣಸೆ ಬೀಜ ತಂದೆ. ಚಿಕ್ಕವರಿಗೆ ನೂರರ ಎಣಿಕೆ ಬಾರದು. ಹಾಗಾಗಿ ಹತ್ತರ ಹತ್ತು ಗುಂಪು. ಒಂದು ಬೀಜವನ್ನು ಮೊದಲೇ ಬೆಂಚಿನ ಕೆಳಗೆ ಅಡಗಿಸಿದ್ದೆ. ಯಾವ ಗುಂಪಿನಲ್ಲಿ ಒಂಬತ್ತೇ ಇವೆ ಎಂದು ಗೊತ್ತಾದದ್ದೇ ತಡ, ಎಲ್ಲರೂ ನೆಲಕ್ಕೆ ಬಿದ್ದು ಹುಡುಕಿದರು. ಸಿಕ್ಕಾಗ ಹಾಕಿದ ಕೂಗು ಆರಾಧನೆಯಲ್ಲಿದ್ದ ದೊಡ್ಡವರಿಗೂ ಕೇಳಿಸಿತಂತೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ಓದಿದ್ದು ಅದಾದ ಮೇಲೆ: ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋಗುವ ಕಥೆ.

ಇನ್ನು ಸಾಕ್ಷಿ ಹೇಳುವ, ಅಂದರೆ ನಮ್ಮ ನಂಬಿಕೆಯನ್ನು ಇತರರಿಗೆ ತಿಳಿಸುವ ವಿಷಯ. ಇಲ್ಲಿ ನಾನು ಎಡವಿದ್ದೇನೆ. "ನಿಮ್ಮ ಗೆಳೆಯರಿಗೆ ಯೇಸುವನ್ನು ಸಾರಿರಿ" ಎಂದು ಒಮ್ಮೆ ದೊಡ್ಡವರಿಗೆ ಹೇಳುವಂತೆಯೇ ಹೇಳಿಬಿಟ್ಟೆ. ಆರು ವರ್ಷದ ಹುಡುಗ ಹೋಗಿ ಪಕ್ಕದ ಮನೆಯ ಗೆಳೆಯನಿಗೆ "ನಿಮ್ಮ ದೇವರು ಸುಳ್ಳು" ಎಂದ. ಆ ಮಗು ಅತ್ತಿತು. ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ತಾಯಿ ಚಹಾ ಕೊಟ್ಟರು, ಅದು ಅವರ ದೊಡ್ಡತನ.

ಈಗ ಮಕ್ಕಳಿಗೆ ಹೇಳುವುದು ಇಷ್ಟೇ: ಒಂದು ಹುಣಸೆ ಬೀಜ ಮನೆಗೆ ಒಯ್ಯಿರಿ, ಯಾರಿಗಾದರೂ ಒಬ್ಬರಿಗೆ ಕಥೆ ಹೇಳಿ, ಬೀಜವನ್ನು ವಾಪಸ್ಸು ತನ್ನಿರಿ. ಕ್ರಿಸ್ಮಸ್‌ನಲ್ಲಿ ನೆರೆಮನೆಗೆ ಕರ್ಚಿಕಾಯಿ ಕೊಡಲು ಹೋದಾಗ, ನಕ್ಷತ್ರ ಏಕೆ ಕಟ್ಟಿದ್ದೀರಿ ಎಂದು ಕೇಳಿದರೆ ಹೇಳಿ. ಯಾರ ದೇವರ ಬಗ್ಗೆಯೂ ಹಗುರವಾಗಿ ಮಾತಾಡಬೇಡಿ.

ಬೀಜಗಳು ಎಲ್ಲವೂ ಮರಳಿ ಬರುವುದಿಲ್ಲ, ಡಬ್ಬಿಗೆ ಆಗಾಗ ಹೊಸದು ಸೇರಿಸುತ್ತೇನೆ. ಮರಳಿ ಬರುವ ಕಥೆಗಳಂತೂ ಬೆಳೆದೇ ಬರುತ್ತವೆ. ಒಬ್ಬನ ಕಥೆಯಲ್ಲಿ ಕುರುಬ ಹುಡುಕಲು ಹೊರಡುವ ಮೊದಲು ತಮ್ಮನನ್ನು ಕಾವಲಿಗೆ ಕೂರಿಸುತ್ತಾನೆ. ಲೂಕನಲ್ಲಿ ಈ ತಮ್ಮ ಇಲ್ಲ. ತಿದ್ದಲೇ ಎಂದು ಸಭಾಪಾಲಕರನ್ನು ಕೇಳಿದೆ. ಅವರು ನಕ್ಕು, "ಉಳಿದ ತೊಂಬತ್ತೊಂಬತ್ತರ ಚಿಂತೆ ಅವನಿಗಾದರೂ ಇದೆಯಲ್ಲ, ಸದ್ಯಕ್ಕೆ ತಮ್ಮ ಇರಲಿ" ಎಂದರು.