ಸಿಗರ್ನಿ ಪ್ರಶಸ್ತಿಗೆ ಅರ್ಜಿ ಹಾಕುವುದು ಹೇಗೆ?

ಸುಪ್ತಮನಸ್ಸಿನ ಭಾವ, ಬಯಕೆಗಳನ್ನು ಮಾತಿನ ಮೂಲಕ ಅರಿಯುವ ಮನೋವಿಶ್ಲೇಷಣೆಗೆ ಕೊಡುಗೆ ನೀಡಿದವರನ್ನು ಗುರುತಿಸುವ ಅಂತರರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಸಿಗರ್ನಿಯದು ದೊಡ್ಡ ಹೆಸರು. ಮನೋಚಿಕಿತ್ಸಕಿಯೂ ಪ್ರಕಾಶಕಿಯೂ ಆಗಿದ್ದ ಅಮೆರಿಕದ ಮೇರಿ ಸಿಗರ್ನಿ 1989ರಲ್ಲಿ ಇದನ್ನು ಸ್ಥಾಪಿಸಿದರು. ಆಂಟೊನಿನೊ ಫೆರೊ (2007), ಥಾಮಸ್ ಆಗ್ಡೆನ್ (2012) ಅವರಂಥ ಚಿಕಿತ್ಸಕ-ಲೇಖಕರಿಗೆ ಇದು ಸಂದಿದೆ. ದೇಶ ದೇಶಗಳ, ಜನಾಂಗಗಳ ನಡುವಿನ ಸಂಘರ್ಷಕ್ಕೆ ಮನೋವಿಶ್ಲೇಷಣೆಯ ಕಣ್ಣು ಹಾಯಿಸಿದ ವಾಮಿಕ್ ವೊಲ್ಕನ್ ಅವರಿಗೂ (2015) ಸಂದಿದೆ. ಚಿಕಿತ್ಸಾ ಕೊಠಡಿಯ ಹೊರಗಿನ ಕೆಲಸಕ್ಕೂ ಇಲ್ಲಿ ಜಾಗವಿದೆ ಎಂಬುದಕ್ಕೆ ಇದೇ ಸಾಕ್ಷಿ. ಗೌರವದ ಜೊತೆಗೆ ದೊಡ್ಡ ಮೊತ್ತದ ನಗದೂ ಇದೆ.

ಯಾರಾದರೂ ಹೆಸರು ಸೂಚಿಸಲಿ ಎಂದು ಕಾಯಬೇಕಿಲ್ಲ. ಕೆಲಸ ಮಾಡಿದ ವ್ಯಕ್ತಿ ಅಥವಾ ಸಂಸ್ಥೆಯೇ ನೇರವಾಗಿ ಅರ್ಜಿ ಹಾಕಬಹುದು. ಹಾಗಾಗಿಯೇ ಅರ್ಜಿಯ ಗುಣಮಟ್ಟಕ್ಕೆ ಇಲ್ಲಿ ಇಷ್ಟೊಂದು ತೂಕ. ಒಳ್ಳೆಯ ಕೆಲಸ ಮಾಡಿಯೂ ಅದನ್ನು ಸರಿಯಾಗಿ ಕಾಣಿಸಲಾಗದೆ ಹಿಂದೆ ಬೀಳುವವರು ಇದ್ದೇ ಇರುತ್ತಾರೆ.

ಹತ್ತು ವರ್ಷದ ಗಡಿ

ಮೊದಲು ಆ ವರ್ಷದ ಸೂಚನೆಗಳನ್ನು ಅಕ್ಷರ ಬಿಡದೆ ಓದಿ. ದಿನಾಂಕ, ಪದಮಿತಿ, ಲಗತ್ತುಗಳ ನಿಯಮ ಬದಲಾಗುವುದುಂಟು. ಹಳೆಯ ಅರ್ಜಿದಾರರೊಬ್ಬರು ಹೇಳಿದ್ದನ್ನು ನಂಬಿ ಕೂರಬೇಡಿ.

ಪ್ರಶಸ್ತಿ ಪರಿಗಣಿಸುವುದು ಕಳೆದ ಹತ್ತು ವರ್ಷಗಳಲ್ಲಿ ಆದ ಕೆಲಸವನ್ನು. ಇದನ್ನು ಜೀವಮಾನ ಸಾಧನೆಯ ಪ್ರಶಸ್ತಿ ಎಂದುಕೊಂಡು ನಲವತ್ತು ವರ್ಷದ ವೃತ್ತಿಜೀವನವನ್ನೆಲ್ಲ ತುಂಬಿದರೆ, ಎಣಿಕೆಗೆ ಬರಬೇಕಾದ ಭಾಗವೇ ಕಳೆದುಹೋಗುತ್ತದೆ. ಇಪ್ಪತ್ತು ವರ್ಷ ಹಿಂದೆ ನೀವು ಮಂಡಿಸಿದ ಪರಿಕಲ್ಪನೆಯೊಂದು ಕಳೆದ ಆರು ವರ್ಷಗಳಲ್ಲಿ ಶಾಲೆಗಳಲ್ಲಿ ಬಳಕೆಗೆ ಬಂದಿದೆ ಎನ್ನೋಣ. ಆಗ ಹಳೆಯದನ್ನು ಎರಡು ಸಾಲಿನಲ್ಲಿ ಹಿನ್ನೆಲೆಯಾಗಿ ಹೇಳಿ, ಆರು ವರ್ಷದ ಕೆಲಸವನ್ನು ಅರ್ಜಿಯ ಮೈಯಾಗಿಸಿ. ಪ್ರತಿ ಚಟುವಟಿಕೆಯ ಎದುರು ವರ್ಷ ಬರೆಯಿರಿ. ವರ್ಷವಿಲ್ಲದ ಸಾಧನೆ ತೀರ್ಪುಗಾರರ ಮಟ್ಟಿಗೆ ಸಾಧನೆಯೇ ಅಲ್ಲ.

ಅರ್ಜಿ ಯಾರ ಹೆಸರಲ್ಲಿ ಹೋಗಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿ. ತಂಡ ನಡೆಸಿದ ಕಾರ್ಯಕ್ರಮಕ್ಕೆ ಸ್ಥಾಪಕರೊಬ್ಬರೇ ಅರ್ಜಿ ಹಾಕಿದರೆ, ಬೆಂಬಲ ಪತ್ರಗಳು 'ತಂಡ ಮಾಡಿತು' ಎನ್ನುತ್ತವೆ, ಅರ್ಜಿ 'ನಾನು ಮಾಡಿದೆ' ಎನ್ನುತ್ತದೆ. ಈ ಬಿರುಕು ಓದುವವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಯಾರು ಯೋಜಿಸಿದರು, ಯಾರು ನಡೆಸಿದರು, ಯಾರು ಬರೆದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಒಪ್ಪಿಗೆ ಪಡೆದುಕೊಳ್ಳಿ.

ಒಂದೇ ಕೆಲಸ, ಮೂರು ಕೊಂಡಿ

ಹತ್ತು ಚಟುವಟಿಕೆಗಳ ಪಟ್ಟಿಗಿಂತ ಒಂದೇ ಕೆಲಸವನ್ನು ಆಳವಾಗಿ ತೋರಿಸಿದ ಅರ್ಜಿ ಗಟ್ಟಿಯಾಗಿರುತ್ತದೆ. ಆ ಕೆಲಸದಲ್ಲಿ ಮೂರು ಕೊಂಡಿಗಳು ಕಾಣಬೇಕು: ಮನೋವಿಶ್ಲೇಷಣೆಯ ಯಾವ ವಿಚಾರದಿಂದ ಹೊರಟಿರಿ, ಅದನ್ನಿಟ್ಟುಕೊಂಡು ಏನು ಮಾಡಿದಿರಿ, ಅದರಿಂದ ಯಾರಲ್ಲಿ ಏನು ಬದಲಾಯಿತು.

ಹೆಚ್ಚಾಗಿ ಕಳಚುವುದು ಮೊದಲ ಕೊಂಡಿ. ಆಪ್ತಸಮಾಲೋಚನೆ ಶಿಬಿರ, ಜಾಗೃತಿ ಉಪನ್ಯಾಸ, ಸಹಾಯವಾಣಿ ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಸುಪ್ತಮನಸ್ಸು, ಭಾವವರ್ಗಾವಣೆ (ಹಿಂದಿನ ಸಂಬಂಧಗಳ ಭಾವನೆಗಳನ್ನು ಚಿಕಿತ್ಸಕರ ಮೇಲೆ ಹೊರಿಸುವುದು), ರಕ್ಷಣಾ ತಂತ್ರ (ನೋವಿನಿಂದ ಪಾರಾಗಲು ಮನಸ್ಸು ಹೂಡುವ ಉಪಾಯ), ಬಾಲ್ಯದ ಅನುಬಂಧ ಇಂಥ ಯಾವುದಾದರೂ ವಿಚಾರ ಆ ಕೆಲಸದ ರೂಪವನ್ನೇ ನಿರ್ಧರಿಸಿದೆ ಎಂದು ತೋರಿಸದಿದ್ದರೆ, ಅದು ಮಾನಸಿಕ ಆರೋಗ್ಯ ಸೇವೆಯಾಗಿ ಉಳಿಯುತ್ತದೆ, ಮನೋವಿಶ್ಲೇಷಣೆಯ ಕೊಡುಗೆಯಾಗುವುದಿಲ್ಲ. ನಿಮ್ಮನ್ನೇ ಕೇಳಿಕೊಳ್ಳಿ: ಮನೋವಿಶ್ಲೇಷಣೆ ಗೊತ್ತಿಲ್ಲದವರು ಇದೇ ಕೆಲಸವನ್ನು ಹೀಗೆಯೇ ಮಾಡಬಹುದಿತ್ತೇ? ಉತ್ತರ 'ಹೌದು' ಆದರೆ ಅರ್ಜಿಯನ್ನು ಮತ್ತೆ ಬರೆಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. 1950ರ ದಶಕದಲ್ಲಿ ಮನೋವಿಶ್ಲೇಷಕ ಮೈಕೆಲ್ ಬ್ಯಾಲಿಂಟ್ ಲಂಡನ್ನಿನ ಸಾಮಾನ್ಯ ವೈದ್ಯರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ರೋಗಿಯ ಬಗ್ಗೆ ವೈದ್ಯನಿಗೆ ಏನನ್ನಿಸುತ್ತದೆ ಎಂಬುದನ್ನೇ ಚರ್ಚೆಯ ವಸ್ತುವಾಗಿಸಿದ್ದರು. ಅದೇ ಮಾದರಿಯನ್ನು ಆಸ್ಪತ್ರೆಯೊಂದರಲ್ಲಿ ನಡೆಸಿದವರು ಹೀಗೆ ಬರೆಯುತ್ತಾರೆ ಎಂದು ಕಲ್ಪಿಸಿಕೊಳ್ಳಿ: 'ನಮ್ಮ ಸಂಸ್ಥೆ ಆಸ್ಪತ್ರೆ ಸಿಬ್ಬಂದಿಯ ಮಾನಸಿಕ ಸ್ವಾಸ್ಥ್ಯಕ್ಕಾಗಿ ನಿರಂತರ ಶ್ರಮಿಸುತ್ತಿದ್ದು, ಸಾವಿರಾರು ಮಂದಿಗೆ ಪ್ರಯೋಜನವಾಗಿದೆ.' ಇದರಲ್ಲಿ ಹಿಡಿಯಲು ಏನೂ ಇಲ್ಲ.

ಅದನ್ನೇ ಹೀಗೆ ಬರೆದು ನೋಡಿ: 'ಕ್ಯಾನ್ಸರ್ ವಾರ್ಡಿನ ನರ್ಸ್‌ಗಳಿಗಾಗಿ ಬ್ಯಾಲಿಂಟ್ ಮಾದರಿಯ ಆರು ಗುಂಪುಗಳನ್ನು ಎರಡು ವರ್ಷ ನಡೆಸಿದೆವು. ಗುಂಪಿಗೆ ಹತ್ತು ಮಂದಿ, ಎರಡು ವಾರಕ್ಕೊಮ್ಮೆ ಒಂದೂವರೆ ಗಂಟೆ. ಸಾವಿನಂಚಿನ ರೋಗಿಯ ಕೋಣೆಗೆ ಕಾಲಿಡಲು ಹಿಂಜರಿಯುವುದರ ಹಿಂದಿರುವ ಭಯ, ಸಿಟ್ಟು, ಅಪರಾಧಿ ಭಾವಗಳು ಅಲ್ಲಿ ಮಾತಿಗೆ ಬಂದವು. ಎರಡನೇ ವರ್ಷದ ನಂತರ ಆಸ್ಪತ್ರೆ ತನ್ನ ಖರ್ಚಿನಲ್ಲೇ ಗುಂಪುಗಳನ್ನು ಮುಂದುವರಿಸಿತು. ಈಗ ತರಬೇತಿ ಪಡೆದ ಮೂವರು ನರ್ಸ್‌ಗಳೇ ಅವನ್ನು ನಡೆಸುತ್ತಿದ್ದಾರೆ.' ಸಂಖ್ಯೆ ಸಾವಿರದಿಂದ ಅರುವತ್ತಕ್ಕೆ ಇಳಿಯಿತು, ಅರ್ಜಿಯ ಬಲ ಹೆಚ್ಚಿತು. ಕಾರ್ಯಕ್ರಮ ನಡೆಸಿದವರು ಪಕ್ಕಕ್ಕೆ ಸರಿದ ಮೇಲೂ ಕೆಲಸ ಉಳಿದಿದೆ ಎಂಬ ಕೊನೆಯ ಸಾಲು ಎಂಥ ಹೊಗಳಿಕೆಗಿಂತಲೂ ದೊಡ್ಡದು.

ಪುರಾವೆ

ಮೂರನೇ ಕೊಂಡಿಗೆ ದಾಖಲೆ ಬೇಕು. ಸಂಶೋಧನೆಯಾದರೆ ಪ್ರಕಟಣೆ, ಉಲ್ಲೇಖಗಳು, ಬೇರೆಯವರು ಅದನ್ನು ಮರುಪರೀಕ್ಷಿಸಿದ್ದರೆ ಅದರ ಫಲಿತಾಂಶ. ತರಬೇತಿಯಾದರೆ ಪಠ್ಯಕ್ರಮ, ಮುಗಿಸಿದವರು ಈಗ ಎಲ್ಲಿ ಏನು ಮಾಡುತ್ತಿದ್ದಾರೆ ಎಂಬ ವಿವರ. ಸಮುದಾಯದ ಕೆಲಸವಾದರೆ ಮೊದಲು-ನಂತರದ ಮಾಪನ, ಅದನ್ನು ಅಳವಡಿಸಿಕೊಂಡ ಸಂಸ್ಥೆಗಳ ಪತ್ರ.

ಅಂಕಿ ಕೊಡುವಾಗ ಅದು ಎಲ್ಲಿಂದ ಬಂತು, ಯಾವ ದಿನದ್ದು ಎಂದು ಹೇಳಿ. ಉಲ್ಲೇಖಗಳ ಎಣಿಕೆ ಒಂದೊಂದು ದತ್ತಾಂಶಕೋಶದಲ್ಲಿ ಒಂದೊಂದು ಥರ ಇರುತ್ತದೆ. ಮೂರು ಕಾರ್ಯಾಗಾರಗಳಿಗೂ ಬಂದ ಅದೇ ಐವತ್ತು ಮಂದಿಯನ್ನು ನೂರೈವತ್ತು ಎಂದು ಎಣಿಸುವುದು, ಡೌನ್‌ಲೋಡ್ ಮಾಡಿಕೊಂಡವರೆಲ್ಲ ಓದಿದ್ದಾರೆ ಎಂದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪುಗಳು. ಒಂದು ಅಂಕಿ ಉಬ್ಬಿಸಿದ್ದು ಗೊತ್ತಾದರೆ ಉಳಿದವುಗಳ ಮೇಲೂ ನಂಬಿಕೆ ಹೋಗುತ್ತದೆ. ನಿರೀಕ್ಷಿಸಿದ ಬದಲಾವಣೆ ಎಲ್ಲಿ ಕಾಣಲಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳುವುದು ಲೇಸು.

ರೋಗಿಯ ಗುಟ್ಟು

ಇಲ್ಲಿ ಎಡವಿದರೆ ಕಳೆದುಕೊಳ್ಳುವುದು ಪ್ರಶಸ್ತಿಯನ್ನಷ್ಟೇ ಅಲ್ಲ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 'ಡೋರಾ' ಎಂದು ಕರೆದ ಯುವತಿಯ ಚಿಕಿತ್ಸೆ ನಡೆದದ್ದು 1900ರಲ್ಲಿ, ವಿವರ ಅಚ್ಚಾದದ್ದು 1905ರಲ್ಲಿ. ಹೆಸರು ಮರೆಮಾಚಿದ್ದರೂ ಆಕೆ ಯಾರೆಂದು ಮುಂದೆ ಲೋಕಕ್ಕೆ ತಿಳಿಯಿತು. ಅಂತರ್ಜಾಲದ ಈ ಕಾಲದಲ್ಲಿ ಗುರುತು ಹಿಡಿಯುವುದು ಇನ್ನೂ ಸುಲಭ. ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘ 2018ರಲ್ಲಿ ಗೌಪ್ಯತೆಯ ಬಗ್ಗೆಯೇ ಪ್ರತ್ಯೇಕ ವರದಿ ಹೊರತಂದಿದೆ. ಅರ್ಜಿಗೆ ಕೂರುವ ಮುನ್ನ ಅದನ್ನು ಓದಿ.

ಹೆಸರು ಬದಲಿಸಿದರೆ ಸಾಲದು. ವೃತ್ತಿ, ವಯಸ್ಸು, ಊರು, ಒಂದು ಅಪರೂಪದ ಘಟನೆ ಇವು ಬಿಡಿಬಿಡಿಯಾಗಿ ನಿರುಪದ್ರವಿ, ಒಟ್ಟಿಗೆ ಬಂದರೆ ವಿಳಾಸ. ಇತರರು ಗುರುತಿಸದಿದ್ದರೂ ರೋಗಿ ತನ್ನನ್ನು ತಾನೇ ಗುರುತಿಸಿಕೊಂಡು ನೋಯಬಹುದು. ಒಪ್ಪಿಗೆ ಪತ್ರವೂ ಪೂರ್ಣ ರಕ್ಷೆಯಲ್ಲ. ಚಿಕಿತ್ಸಕರ ಮನ ನೋಯಬಾರದು ಎಂದೇ 'ಆಗಲಿ' ಎನ್ನುವವರಿದ್ದಾರೆ, ಭಾವವರ್ಗಾವಣೆ ಕೆಲಸ ಮಾಡುವುದೇ ಹಾಗೆ. ಹಲವು ರೋಗಿಗಳ ವಿವರ ಬೆಸೆದು ಒಂದು ಪ್ರಕರಣ ಕಟ್ಟಿದ್ದರೆ ಅದನ್ನು ಬಿಚ್ಚಿ ಹೇಳಬೇಕು, ಇಲ್ಲವಾದರೆ ಅದು ಸುಳ್ಳು ಪುರಾವೆ. ನಮ್ಮ ಸಲಹೆ ಸರಳ: ಅರ್ಜಿ ನಿಲ್ಲಲು ರೋಗಿಯ ಕಥೆ ಅನಿವಾರ್ಯವಲ್ಲದಿದ್ದರೆ ಅದನ್ನು ಹಾಕಲೇಬೇಡಿ.

ಕಡತಗಳ ಒಳಗೂ ಗುಟ್ಟು ಅಡಗಿರುತ್ತದೆ. ವರ್ಡ್ ಕಡತದಲ್ಲಿ ಹಳೆಯ ತಿದ್ದುಪಡಿಗಳು, ಅಂಚಿನ ಟಿಪ್ಪಣಿಗಳು ಉಳಿದಿರಬಹುದು. ಎಲ್ಲ ಅಳಿಸಿ, ಪಿಡಿಎಫ್ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮಕ್ಕಳ ಚಿತ್ರಗಳ ಮೂಲೆಯಲ್ಲಿ ಹೆಸರು, ಫೋಟೊದ ಹಿನ್ನೆಲೆಯಲ್ಲಿ ಮುಖ ಇಲ್ಲದಂತೆ ನೋಡಿಕೊಳ್ಳಿ.

ಬರವಣಿಗೆ, ಪತ್ರ, ಸಲ್ಲಿಕೆ

ಓದುವವರೆಲ್ಲ ನಿಮ್ಮ ಪಂಥದವರಲ್ಲ. ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಪರಂಪರೆಯವರಿಗೆ ಸಹಜವಾದ ಮಾತು ಫ್ರಾನ್ಸಿನ ಮನೋವಿಶ್ಲೇಷಕ ಲಕಾನ್ ಅವರನ್ನು ಓದಿಕೊಂಡವರಿಗೆ ಬೇರೆಯದೇ ಅರ್ಥ ಕೊಡುತ್ತದೆ. ಪಾರಿಭಾಷಿಕ ಪದ ಮೊದಲ ಸಲ ಬಂದಾಗ ನೀವು ಅದನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದೀರಿ ಎಂದು ಅರ್ಧ ವಾಕ್ಯದಲ್ಲಿ ಹೇಳಿ. ಕರಡು ಮುಗಿದ ಮೇಲೆ ಒಬ್ಬ ವಿಶ್ಲೇಷಕರಿಗೂ ಕ್ಷೇತ್ರದ ಹೊರಗಿನ ಒಬ್ಬರಿಗೂ ಓದಲು ಕೊಡಿ. ಓದಿದವರು ಅರ್ಜಿ ಕೆಳಗಿಟ್ಟು, 'ಇವರು ಮಾಡಿದ್ದು ಇದು' ಎಂದು ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ಕರಡು ಇನ್ನೂ ಮಾಗಿಲ್ಲ.

ಬೆಂಬಲ ಪತ್ರಗಳಿಗೆ ಅವಕಾಶವಿದ್ದರೆ, ಬರೆಯುವವರಿಗೆ ಕನಿಷ್ಠ ಆರು ವಾರ ಸಮಯ ಕೊಡಿ, ಜೊತೆಗೆ ಕೆಲಸದ ಒಂದು ಪುಟದ ಸಾರಾಂಶ. 'ಇವರು ಮೇಧಾವಿ' ಎಂಬ ದೊಡ್ಡ ಹೆಸರಿನ ಪತ್ರಕ್ಕಿಂತ, 'ನಮ್ಮ ವಾರ್ಡಿನಲ್ಲಿ ನಾನು ಕಂಡದ್ದು ಇದು' ಎನ್ನುವ ಮುಖ್ಯ ನರ್ಸ್ ಪತ್ರ ಹೆಚ್ಚು ಬೆಲೆಯುಳ್ಳದ್ದು. ಎಲ್ಲರಿಗೂ ಒಂದೇ ಮಾದರಿ ಕಳಿಸಿದರೆ ಪತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ, ಎಚ್ಚರ.

ಉತ್ತರಗಳನ್ನು ನೇರವಾಗಿ ಆನ್‌ಲೈನ್ ಫಾರ್ಮಿನಲ್ಲಿ ಟೈಪ್ ಮಾಡಬೇಡಿ. ಬೇರೆ ಕಡತದಲ್ಲಿ ಸಿದ್ಧಪಡಿಸಿ ನಂತರ ಅಂಟಿಸಿ. ಮಿತಿ ಅಕ್ಷರಗಳ ಲೆಕ್ಕದಲ್ಲಿದ್ದರೆ ಖಾಲಿ ಜಾಗವೂ ಎಣಿಕೆಗೆ ಸೇರಬಹುದು, ಮಿತಿ ಮೀರಿದ ಭಾಗ ಸದ್ದಿಲ್ಲದೆ ಕತ್ತರಿಸಿಹೋಗಬಹುದು. ಅಂಟಿಸಿದ ಮೇಲೆ ಕೊನೆಯ ವಾಕ್ಯ ಪೂರ್ತಿ ಇದೆಯೇ ನೋಡಿ. ಲಿಂಕ್‌ಗಳನ್ನು ಲಾಗಿನ್ ಆಗದ ಬ್ರೌಸರಿನಲ್ಲಿ ಪರೀಕ್ಷಿಸಿ. ಪಾಸ್‌ವರ್ಡ್ ಕೇಳುವ ಲಿಂಕನ್ನು ತೀರ್ಪುಗಾರರು ತೆರೆಯುವುದಿಲ್ಲ. ಕೊನೆಯ ಗಳಿಗೆ ಯಾವ ದೇಶದ ಗಡಿಯಾರದ್ದು ಎಂದು ತಿಳಿದುಕೊಂಡು ಎರಡು ದಿನ ಮೊದಲೇ ಸಲ್ಲಿಸಿ, ಸ್ವೀಕೃತಿಯ ಇಮೇಲ್ ಬಂದಿದೆಯೇ ಖಚಿತಪಡಿಸಿಕೊಳ್ಳಿ, ಸಲ್ಲಿಸಿದ ಪ್ರತಿಯನ್ನು ಇಟ್ಟುಕೊಳ್ಳಿ.

ಪ್ರಶಸ್ತಿ ಬಾರದಿದ್ದರೆ ಆ ಪ್ರತಿಯನ್ನು ಹೊಸ ದಿನಾಂಕ ಹಾಕಿ ಮತ್ತೆ ಕಳಿಸಬೇಡಿ. ಮುಂದಿನ ಅರ್ಜಿಯ ಹೊತ್ತಿಗೆ ಹತ್ತು ವರ್ಷದ ಗಡಿಯೂ ಮುಂದೆ ಸರಿದಿರುತ್ತದೆ: ಯಾವುದು ಹೊರಬಿತ್ತು, ಯಾವ ಹೊಸ ಪುರಾವೆ ಸಿಕ್ಕಿತು ಎಂದು ಗುರುತಿಸಿ, ಮೂರನೇ ಕೊಂಡಿಯಿಂದ ಮೇಲಕ್ಕೆ ತಿದ್ದುತ್ತಾ ಬನ್ನಿ.